ಗೆರೆ ಒಂದೆಡೆ, ಕಾರಣ ಇನ್ನೊಂದೆಡೆ

"ಡಾಕ್ಟ್ರೇ, ಇಲ್ಲಿ ನೋಡಿ. ಈ ಗೆರೆ ಒಂದು ತುಂಬಿಸಿಕೊಟ್ರೆ ಸಾಕು."

ಫಿಲ್ಲರ್ ಹಾಕಿಸಿಕೊಳ್ಳಲು ಚರ್ಮತಜ್ಞರ ಬಳಿ ಹೋಗುವ ಹಲವರ ಮೊದಲ ಮಾತು ಇದು. ಬೆರಳು ಮೂಗಿನ ಹೊಳ್ಳೆಯ ಪಕ್ಕದಿಂದ ಬಾಯಿಯ ಅಂಚಿನವರೆಗೆ ಇಳಿಯುವ ಮಡಿಕೆಯ ಮೇಲಿರುತ್ತದೆ. ಅನುಭವಿ ವೈದ್ಯರು ಬೆರಳು ತೋರಿಸಿದ ಜಾಗಕ್ಕೆ ತಕ್ಷಣ ಸೂಜಿ ಹಾಕುವುದಿಲ್ಲ. ಕೆನ್ನೆ ನೋಡುತ್ತಾರೆ, ಕಣ್ಣಿನ ಕೆಳಗೆ ನೋಡುತ್ತಾರೆ, ನಗಿಸಿ ನೋಡುತ್ತಾರೆ, ಪಕ್ಕಕ್ಕೆ ತಿರುಗಿಸಿ ಗದ್ದ ನೋಡುತ್ತಾರೆ. ಯಾಕೆಂದರೆ ಗೆರೆ ಕಾಣುವ ಜಾಗ ಒಂದು, ಅದು ಹುಟ್ಟಿದ ಜಾಗ ಇನ್ನೊಂದು ಆಗಿರುವುದೇ ಹೆಚ್ಚು. ಬೊಟಾಕ್ಸ್ ಅಥವಾ ಫಿಲ್ಲರ್ ಚುಚ್ಚುವುದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಮುಖ ಚೆನ್ನಾಗಿ ಬಂತೋ ಕೆಟ್ಟಿತೋ ಎಂಬುದು ಬಹುಮಟ್ಟಿಗೆ ಅದಕ್ಕೆ ಮೊದಲಿನ ಈ ಪರಿಶೀಲನೆಯಲ್ಲೇ ತೀರ್ಮಾನವಾಗಿರುತ್ತದೆ.

ಈ ಪರಿಶೀಲನೆ ಹೇಗೆ ನಡೆಯುತ್ತದೆ, ಅದರಲ್ಲಿ ಅಳತೆಯ ಪಾಲೆಷ್ಟು, ಕಣ್ಣಿನ ಪಾಲೆಷ್ಟು, ಕುರ್ಚಿಯಲ್ಲಿ ಕೂತವರು ಏನು ಕೇಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಎರಡು ಔಷಧ, ಎರಡು ಕೆಲಸ

ಬೊಟಾಕ್ಸ್, ಫಿಲ್ಲರ್ ಎಂದು ಎರಡನ್ನೂ ಒಟ್ಟಿಗೇ ಹೇಳುವುದು ರೂಢಿ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಬೊಟಾಕ್ಸ್‌ನಲ್ಲಿರುವ ಬೊಟುಲಿನಮ್ ಟಾಕ್ಸಿನ್ ಸ್ನಾಯುವಿನ ಔಷಧ. ನರದ ತುದಿಯಿಂದ ಸ್ನಾಯುವಿಗೆ ಆಜ್ಞೆ ಒಯ್ಯುವ ಅಸಿಟೈಲ್‌ಕೋಲೀನ್ ಬಿಡುಗಡೆಯಾಗದಂತೆ ತಡೆಯುವುದು ಅದರ ಕೆಲಸ. ಚುಚ್ಚಿದ ಮೂರ್ನಾಲ್ಕು ದಿನಕ್ಕೆ ಸ್ನಾಯು ಸಡಿಲಗೊಳ್ಳಲು ಶುರುವಾಗುತ್ತದೆ, ಎರಡು ವಾರಕ್ಕೆ ಪೂರ್ತಿ ಪರಿಣಾಮ ಕಾಣುತ್ತದೆ, 3ರಿಂದ 4 ತಿಂಗಳಲ್ಲಿ ಕರಗುತ್ತದೆ. ಇದನ್ನು ಮೊದಲು ಔಷಧವಾಗಿ ಬಳಸಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಆ್ಯಲನ್ ಸ್ಕಾಟ್, ಮೆಳ್ಳೆಗಣ್ಣಿನ ಚಿಕಿತ್ಸೆಗೆ. 1987ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಕಣ್ಣಿನ ವೈದ್ಯೆ ಜೀನ್ ಕ್ಯಾರುದರ್ಸ್ ರೆಪ್ಪೆ ಸೆಳೆತಕ್ಕೆ ಇದೇ ಔಷಧ ಕೊಡುತ್ತಿದ್ದಾಗ, ರೋಗಿಯೊಬ್ಬರು ಹುಬ್ಬುಗಳ ನಡುವೆಯೂ ಚುಚ್ಚುವಂತೆ ಕೇಳಿದರು. ಅಲ್ಲಿ ಚುಚ್ಚಿಸಿಕೊಂಡಾಗ ಮುಖದ ಗಂಟು ಬಿಚ್ಚಿದಂತಾಗುತ್ತದೆ ಎಂಬುದು ಅವರ ಅನುಭವ. ಜೀನ್ ಅವರ ಪತಿ ಅಲಸ್ಟೇರ್ ಚರ್ಮವೈದ್ಯರು. ಇಬ್ಬರೂ ಸೇರಿ 1992ರಲ್ಲಿ ಹುಬ್ಬುಗಂಟಿನ ಗೆರೆಗಳ ಮೇಲೆ ಪ್ರಬಂಧ ಪ್ರಕಟಿಸಿದರು. ಅಮೆರಿಕದ ಔಷಧ ಇಲಾಖೆ ಈ ಬಳಕೆಗೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ.

ಫಿಲ್ಲರ್ ಗಾತ್ರದ ಔಷಧ, ತಗ್ಗಿದ ಜಾಗವನ್ನು ಒಳಗಿನಿಂದ ತುಂಬುವಂಥದ್ದು. ಇಂದು ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲದ ಜೆಲ್. ಈ ಆಮ್ಲ ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಸಹಜವಾಗಿಯೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನಿಂದ ಇದನ್ನು ಮೊದಲು ಬೇರ್ಪಡಿಸಿದರು. ಬರಿಯ ಆಮ್ಲ ಮೈಯಲ್ಲಿ ಬೇಗ ಕರಗಿಹೋಗುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದಾಗ ಜೆಲ್ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ನಿಲ್ಲುತ್ತದೆ. ಬೆಸುಗೆ ಹೇಗಿದೆ ಎನ್ನುವುದರ ಮೇಲೆ ಜೆಲ್‌ನ ಗುಣ ನಿರ್ಧಾರವಾಗುತ್ತದೆ. ಮೂಳೆಯ ಮೇಲೆ ಕೂತು ಭಾರ ಹೊರಲು ಗಟ್ಟಿ ಜೆಲ್ ಬೇಕು, ತುಟಿಗೆ ಮೆತ್ತನೆಯದು ಬೇಕು. ಎಲ್ಲಾ ಕಡೆಗೂ ಒಂದೇ ಸಿರಿಂಜ್ ಸಾಲದು.

ಹಾಗಾಗಿ ಪರಿಶೀಲನೆಯ ಮೊದಲ ಪ್ರಶ್ನೆ ಇಷ್ಟೇ: ಈ ಗೆರೆಗೆ ಕಾರಣ ಸ್ನಾಯುವಿನ ಎಳೆತವೋ, ಗಾತ್ರದ ಇಳಿತವೋ? ಹುಬ್ಬುಗಂಟಿನ ಗೆರೆ ಸಾಮಾನ್ಯವಾಗಿ ಮೊದಲನೆಯದು. ಕೆನ್ನೆಯ ತಗ್ಗು ಎರಡನೆಯದು. ಉಳಿದ ಬಹುಪಾಲು ಗೆರೆಗಳು ಎರಡೂ ಬೆರೆತಂಥವು, ಕಷ್ಟ ಇರುವುದು ಅಲ್ಲೇ.

ಮುಖ ಇಳಿಯುವ ಬಗೆ

ಸುಕ್ಕು ಎಂದರೆ ಚರ್ಮದ ತೊಂದರೆ ಎಂದುಕೊಳ್ಳುತ್ತೇವೆ. ಚರ್ಮ ಮೇಲಿನ ಹೊದಿಕೆ ಮಾತ್ರ. ಅದರ ಕೆಳಗೆ ತೆಳು ಕೊಬ್ಬು, ಅದರಡಿ ಸ್ನಾಯು, ಸ್ನಾಯುವಿನಡಿ ಆಳದ ಕೊಬ್ಬು, ಎಲ್ಲದರ ತಳದಲ್ಲಿ ಮೂಳೆ. ವಯಸ್ಸಾದಂತೆ ಐದೂ ಬದಲಾಗುತ್ತವೆ, ಒಂದೊಂದೂ ತನ್ನದೇ ವೇಗದಲ್ಲಿ.

ಕೊಬ್ಬಿನ ವಿಷಯ ಸ್ಪಷ್ಟವಾದದ್ದು ತೀರ ಇತ್ತೀಚೆಗೆ. ಡಲ್ಲಾಸಿನ ರಾಡ್ ರೋರಿಕ್ ಮತ್ತು ಜೋಯಲ್ ಪೆಸ್ಸಾ ಶವಗಳ ಮುಖಕ್ಕೆ ನೀಲಿ ಬಣ್ಣ ಚುಚ್ಚಿ, ಬಣ್ಣ ಎಲ್ಲಿಯವರೆಗೆ ಹರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. 2007ರಲ್ಲಿ ಪ್ರಕಟವಾದ ಅವರ ಕೆಲಸ ತೋರಿಸಿದ್ದು ಇದು: ಮುಖದ ಕೊಬ್ಬು ಒಂದೇ ಹಾಸಲ್ಲ, ಗೋಡೆ ಹಾಕಿ ಬೇರ್ಪಡಿಸಿದ ಹಲವು ಕೋಣೆಗಳು. ಒಂದು ಕೋಣೆ ಕುಗ್ಗಿದರೂ ಪಕ್ಕದ್ದು ತುಂಬಿಕೊಂಡೇ ಇರಬಹುದು. ಅವೆರಡರ ನಡುವಿನ ಗಡಿಯೇ ಹೊರಗೆ ನೆರಳಾಗಿ, ಗೆರೆಯಾಗಿ ಕಾಣುತ್ತದೆ.

ಮೂಳೆಯೂ ಇದ್ದಂತೆ ಇರುವುದಿಲ್ಲ. ಕಣ್ಣಿನ ಗೂಡು ಅಗಲವಾಗುತ್ತದೆ, ಮೇಲ್ದವಡೆ ಮೂಗಿನ ಬುಡದಲ್ಲಿ ಹಿಂದೆ ಸರಿಯುತ್ತದೆ, ಕೆಳದವಡೆ ಸವೆಯುತ್ತದೆ. ಹಲ್ಲು ಕಳೆದುಕೊಂಡವರಲ್ಲಿ ಸವೆತ ಬೇಗ. ಚರ್ಮವನ್ನು ಮೂಳೆಗೆ ಹಿಡಿದಿಡುವ ಬಿಗಿಪಟ್ಟಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ಅವುಗಳ ಸುತ್ತ ಉಳಿದದ್ದೆಲ್ಲ ಇಳಿದಾಗ ಕೆನ್ನೆಯ ನಡುವೆ ಓರೆ ತಗ್ಗು, ದವಡೆಯ ಅಂಚಿನಲ್ಲಿ ಜೋಲು ಮೂಡುತ್ತವೆ.

ಹಿತ್ತಲಲ್ಲಿ ಬಟ್ಟೆ ಹರವುವ ತಂತಿಯ ಕಂಬ ವಾಲಿದರೆ ಸೀರೆಯ ಅಂಚು ನೆಲಕ್ಕೆ ತಾಗುತ್ತದೆ. ಅಂಚನ್ನು ಮಡಚಿ ಪಿನ್ನು ಹಾಕಿದರೆ ಆ ಹೊತ್ತಿಗೆ ಸರಿ, ಆದರೆ ಸರಿಪಡಿಸಬೇಕಾದದ್ದು ಕಂಬವನ್ನು. ಮೂಗಿನ ಪಕ್ಕದ ಮಡಿಕೆಗೇ ಜೆಲ್ ಸುರಿಯುತ್ತಾ ಹೋದರೆ ಆಗುವುದು ಇದೇ. ಮಡಿಕೆ ಮುಚ್ಚುತ್ತದೆ, ಬಾಯಿಯ ಸುತ್ತ ಭಾರ ಕೂಡುತ್ತದೆ, ಮುಖ ಊದಿದಂತೆ ಕಾಣುತ್ತದೆ. ಕೆನ್ನೆಯ ಮೇಲುಭಾಗದಲ್ಲಿ ಮೂಳೆಗೆ ತಾಗಿಸಿ ಸ್ವಲ್ಪ ಆಸರೆ ಕೊಟ್ಟಿದ್ದರೆ ಕೆಳಗಿನ ನೆರಳು ತಾನಾಗಿ ಹಗುರವಾಗುತ್ತಿತ್ತು. ಹಗುರವಾಗುತ್ತದೆ ಎಂದಷ್ಟೇ ಹೇಳಬಹುದು. ಜೋತುಬಿದ್ದ ಚರ್ಮವನ್ನು ಫಿಲ್ಲರ್ ಎತ್ತಿ ಕಟ್ಟುತ್ತದೆ ಎನ್ನುವುದು ಜಾಹೀರಾತಿನ ಮಾತು. ಅಷ್ಟು ಇಳಿದಿದ್ದರೆ ಅದು ಶಸ್ತ್ರಚಿಕಿತ್ಸೆಯ ಕೆಲಸ.

ಕುರ್ಚಿ, ಬೆಳಕು, ಕೈಗನ್ನಡಿ

ಪರಿಶೀಲನೆ ಕೂತೇ ಆಗಬೇಕು. ಮಲಗಿದರೆ ಕೆನ್ನೆ ಕಿವಿಯ ಕಡೆ ಜಾರುತ್ತದೆ, ನೋಡಬೇಕಾದ ನೆರಳೇ ಮಾಯವಾಗುತ್ತದೆ. ಮೇಕಪ್ ತೆಗೆಸಿ, ಬ್ಯಾಂಡ್ ಹಾಕಿ ಕೂದಲು ಹಿಂದಕ್ಕೆ ಕಟ್ಟಿಸುತ್ತಾರೆ. ಕನ್ನಡಕ, ಓಲೆ, ಮೂಗುಬೊಟ್ಟು ತೆಗೆಯಲು ಹೇಳುವುದೂ ಉಂಟು. ಅವು ಕಣ್ಣನ್ನು ತಮ್ಮ ಕಡೆ ಸೆಳೆಯುತ್ತವೆ.

ಬೆಳಕಿನ ಪಾತ್ರ ದೊಡ್ಡದು. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗಿನ ಗುಂಡಿಯನ್ನು ಇದ್ದದ್ದಕ್ಕಿಂತ ಆಳವಾಗಿ ತೋರಿಸುತ್ತದೆ. ಎದುರಿನಿಂದ ಬೀಳುವ ಫ್ಲ್ಯಾಶ್ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಚಿತ್ರ ಬರೆಯುವವರು ಉಬ್ಬುತಗ್ಗನ್ನು ಬೆಳಕು ನೆರಳಿನಿಂದಲೇ ಓದುತ್ತಾರೆ. ಇಲ್ಲೂ ನಡೆಯುವುದು ಅದೇ ಓದು. ಕೆನ್ನೆಯ ಮೇಲೆ ಬೆಳಕು ಬೀಳುವ ಬಿಂದು ಎಲ್ಲಿದೆ, ಅಲ್ಲಿಂದ ನೆರಳಿಗೆ ಇಳಿಯುವ ದಾರಿ ನಯವಾಗಿದೆಯೋ ಮುರಿದಿದೆಯೋ ಎಂದು ವೈದ್ಯರು ನೋಡುತ್ತಾರೆ. ಮುಖವನ್ನು ಓರೆಯಾಗಿ ತಿರುಗಿಸಿದಾಗ ಹುಬ್ಬಿನ ಕೆಳಗಿನಿಂದ ಕೆನ್ನೆಯ ಮೇಲೆ ಹಾದು ಗದ್ದದವರೆಗೆ ಬಾಗುವ ರೇಖೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎಳೆಯ ಮುಖದಲ್ಲಿ ಅದು ಒಂದೇ ಬಾಗು. ವಯಸ್ಸಾದ ಮುಖದಲ್ಲಿ ಕಣ್ಣಿನ ಕೆಳಗೊಂದು ಮುರಿವು, ಬಾಯಿಯ ಬಳಿ ಇನ್ನೊಂದು ಮುರಿವು.

ಫೋಟೊ ತೆಗೆಯುವುದು ಕಡ್ಡಾಯ ಎಂದೇ ತಿಳಿಯಿರಿ. ಎದುರಿನಿಂದ, ಎರಡೂ ಕಡೆ 45 ಡಿಗ್ರಿ ಓರೆಯಿಂದ, ಎರಡೂ ಪಕ್ಕದಿಂದ. ಸುಮ್ಮನಿದ್ದಾಗ ಒಮ್ಮೆ, ನಕ್ಕಾಗ, ಹುಬ್ಬು ಗಂಟಿಕ್ಕಿದಾಗ ಮತ್ತೊಮ್ಮೆ. ದೂರ ಸುಮಾರು ಒಂದೂವರೆ ಮೀಟರ್. ಮೊಬೈಲ್ ಸೆಲ್ಫಿ ತೋರಿಸಿ "ಮೂಗು ಎಷ್ಟು ದಪ್ಪ ನೋಡಿ" ಎನ್ನುವವರಿಗೆ ಇಲ್ಲೊಂದು ಸಮಾಧಾನ ಇದೆ. 12 ಇಂಚು, ಅಂದರೆ 30 ಸೆಂಟಿಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ಲೆಕ್ಕ ತೋರಿಸಿದೆ. ಐದು ಅಡಿ ದೂರ ಹೋದರೆ ಈ ತಿರುಚು ಇಲ್ಲದಂತಾಗುತ್ತದೆ. ತಪ್ಪು ಮೂಗಿನದಲ್ಲ, ಕೈಯ ಉದ್ದದ್ದು.

ನಂತರ ವೈದ್ಯರು ಕೈಗನ್ನಡಿ ಕೊಟ್ಟು ಎಡಬಲದ ವ್ಯತ್ಯಾಸ ತೋರಿಸುತ್ತಾರೆ. ಒಂದು ಹುಬ್ಬು ಮೇಲೆ, ಒಂದು ಕಣ್ಣು ಚಿಕ್ಕದು, ಗದ್ದ ಕೂದಲೆಳೆಯಷ್ಟು ಓರೆ: ಇಂಥದ್ದು ಇಲ್ಲದ ಮುಖವೇ ಇಲ್ಲ. ಇದನ್ನು ಮೊದಲೇ ತೋರಿಸದಿದ್ದರೆ ಚಿಕಿತ್ಸೆಯ ನಂತರ ಮನೆಯ ಕನ್ನಡಿಯಲ್ಲಿ ಮುಖವನ್ನು ಗಂಟೆಗಟ್ಟಲೆ ದಿಟ್ಟಿಸುವವರು, ಹುಟ್ಟಿನಿಂದ ಬಂದ ಓರೆಯನ್ನೂ ಸೂಜಿಯ ಲೆಕ್ಕಕ್ಕೆ ಬರೆಯುತ್ತಾರೆ.

ಇದಾದ ಮೇಲೆ ಚಲನೆ. "ಹುಬ್ಬು ಎತ್ತಿ ಮೇಡಂ. ಈಗ ಸಿಟ್ಟು ಬಂದ ಹಾಗೆ ಗಂಟಿಕ್ಕಿ. ಕಣ್ಣು ಬಿಗಿಯಾಗಿ ಮುಚ್ಚಿ. ಹಲ್ಲು ಕಾಣೋ ಹಾಗೆ ನಗಿ. ಹಲ್ಲು ಕಚ್ಚಿ." ಕೊನೆಯದಕ್ಕೆ ದವಡೆಯ ಕೋನದಲ್ಲಿ ಕೈಯಿಟ್ಟು ನೋಡುತ್ತಾರೆ. ಅಲ್ಲಿ ಗಟ್ಟಿ ಉಂಡೆ ಎದ್ದರೆ ದವಡೆ ಅಗಲ ಕಾಣಲು ಕಾರಣ ಮೂಳೆಯಲ್ಲ, ಅಗಿಯುವ ಸ್ನಾಯು ಎಂದಾಯಿತು. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದೆಯೇ ಎಂಬ ಪ್ರಶ್ನೆ ಆಗ ಬರುತ್ತದೆ. ಇಷ್ಟಾದರೂ ಹೇಳಿಸಿ ಮಾಡಿಸಿದ ನಗೆ ನಿಜವಾದ ನಗೆಯಲ್ಲ. ಅದಕ್ಕೇ ಜಾಣ ವೈದ್ಯರು ಊರು, ಮಕ್ಕಳು, ಕೆಲಸ ಎಂದು ಮಾತಿಗೆಳೆದು, ಆ ಹೊತ್ತಿನಲ್ಲಿ ಮುಖ ಹೇಗೆ ಆಡುತ್ತದೆ ಎಂದು ಗಮನಿಸುತ್ತಾರೆ.

ಒಂದು ಮಡಿಕೆ, ಐದು ಕಾರಣ

ಮೂಗಿನ ಪಕ್ಕದ ಆ ಮಡಿಕೆಯನ್ನೇ ಹತ್ತಿರದಿಂದ ನೋಡೋಣ. ನಲವತ್ತೈದರ ಆಸುಪಾಸಿನ ಮಹಿಳೆಯೊಬ್ಬರು ಕೂತಿದ್ದಾರೆ ಎಂದುಕೊಳ್ಳಿ.

ವೈದ್ಯರು ಹೆಬ್ಬೆರಳನ್ನು ಕೆನ್ನೆಮೂಳೆಯ ಮೇಲಿಟ್ಟು ಮೆಲ್ಲಗೆ ಕಿವಿಯ ಕಡೆ, ಮೇಲಕ್ಕೆ ಸರಿಸುತ್ತಾರೆ. ಮಡಿಕೆ ಹಗುರವಾಯಿತೇ? ಹಾಗಿದ್ದರೆ ಮುಖ್ಯ ಕಾರಣ ಕೆನ್ನೆಯ ಆಳದ ಕೊಬ್ಬು ಕುಗ್ಗಿದ್ದು. ಆಸರೆ ಬೇಕಾದದ್ದು ಅಲ್ಲಿ.

ಹಗುರವಾಗಲಿಲ್ಲ, ಆದರೆ ಹೊಳ್ಳೆಯ ಪಕ್ಕದಲ್ಲೇ ಒತ್ತಿದರೆ ಗುಂಡಿ ಇದೆ, ಮೂಗಿನ ಬುಡ ಒಳಗೆ ಕೂತಂತಿದೆ. ಇದು ಮೇಲ್ದವಡೆಯ ಮೂಳೆ ಹಿಂದೆ ಸರಿದ ಗುರುತು. ಫಿಲ್ಲರ್ ಹೋಗಬೇಕಾದದ್ದು ಮಡಿಕೆಯ ಉದ್ದಕ್ಕಲ್ಲ, ಅದರ ತಲೆಯಲ್ಲಿ, ಮೂಳೆಗೆ ತಾಗಿಸಿ.

ಸುಮ್ಮನಿದ್ದಾಗ ಮಡಿಕೆಯೇ ಕಾಣದು, ನಕ್ಕಾಗ ಮಾತ್ರ ಆಳವಾಗುತ್ತದೆ, ಜೊತೆಗೆ ಮೇಲಿನ ಒಸಡೂ ಕಾಣುತ್ತದೆ. ಇದು ತುಟಿ ಎತ್ತುವ ಸ್ನಾಯುವಿನ ಬಲ. ಜೆಲ್ ತುಂಬಿದರೆ ನಕ್ಕಾಗ ಅದು ಉಂಡೆಯಾಗಿ ಎದ್ದು ಕಾಣುತ್ತದೆ. ಒಂದೆರಡು ಯೂನಿಟ್ ಟಾಕ್ಸಿನ್ ಸಾಕಾಗಬಹುದು; ಏನೂ ಮಾಡದಿರುವುದೂ ಒಳ್ಳೆಯ ಉತ್ತರ.

ಮೇಲಿನ ಹಲ್ಲು ಮುಂದೆ ಬಂದಿದ್ದು, ಬಾಯಿಯೇ ಉಬ್ಬಿಕೊಂಡಿದೆ. ಆಗ ಮಡಿಕೆ ಎಳೆಯ ವಯಸ್ಸಿನಿಂದಲೂ ಇದ್ದಿರುತ್ತದೆ. ಹಳೆಯ ಫೋಟೊ ತರಲು ಹೇಳುವುದು ಇದಕ್ಕೇ. ಇಪ್ಪತ್ತರಲ್ಲೂ ಇದ್ದ ಗೆರೆಯನ್ನು ವಯಸ್ಸಿನ ಗೆರೆ ಎಂದು ಚಿಕಿತ್ಸೆ ಮಾಡಿದರೆ ಮುಖ ಬೇರೆಯವರದಾಗುತ್ತದೆ.

ಕೊನೆಯದಾಗಿ, ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೂ ಗೆರೆ ಉಳಿಯುತ್ತದೆ. ಅದು ಚರ್ಮದಲ್ಲೇ ಕೊರೆದುಹೋದ ಗೀರು. ಬಿಸಿಲು, ಸಿಗರೇಟು, ತೂಕ ಬೇಗ ಇಳಿದದ್ದು ಕಾರಣವಿರಬಹುದು. ಇದಕ್ಕೆ ಸನ್‌ಸ್ಕ್ರೀನ್, ರೆಟಿನಾಯ್ಡ್ ಕ್ರೀಮು, ಲೇಸರ್‌ನಂಥ ದಾರಿಗಳಿವೆ. ಆಳದ ಜೆಲ್‌ನಿಂದ ಹೆಚ್ಚು ಪ್ರಯೋಜನವಿಲ್ಲ.

ನಮ್ಮ ಮಹಿಳೆಯಲ್ಲಿ ಮೊದಲನೆಯದು ಮುಕ್ಕಾಲು, ಎರಡನೆಯದು ಕಾಲು ಎಂದು ತೋರಿತು ಎನ್ನಿ. ವೈದ್ಯರು ಬಿಳಿ ಪೆನ್ಸಿಲಿನಿಂದ ಕೆನ್ನೆಮೂಳೆಯ ಮೇಲೆ ಎರಡು ಚುಕ್ಕೆ, ಹೊಳ್ಳೆಯ ಪಕ್ಕ ಒಂದು ಚುಕ್ಕೆ ಹಾಕುತ್ತಾರೆ. ಆ ಮಹಿಳೆ ಬೆರಳಿಟ್ಟು ತೋರಿಸಿದ್ದ ಗೆರೆಯ ಉದ್ದಕ್ಕೆ ಒಂದೂ ಇಲ್ಲ. ಒಂದೊಂದು ಚುಕ್ಕೆಗೆ ಹೋಗುವುದು 0.1ರಿಂದ 0.3 ಮಿಲಿಲೀಟರ್. ಫಿಲ್ಲರ್‌ನ ಸಾಮಾನ್ಯ ಸಿರಿಂಜ್‌ನಲ್ಲಿರುವುದೇ 1 ಮಿಲಿ, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಜಾಗ ಸರಿಯಾಗಿದ್ದರೆ ಇಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ.

ಹಣೆಯ ಬಲೆ

ಟಾಕ್ಸಿನ್‌ನಲ್ಲೂ ಇದೇ ಪಾಠ, ಹಣೆಯಲ್ಲಿ ಇನ್ನಷ್ಟು ನಿಷ್ಠುರವಾಗಿ. ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳು ಹಲವಿವೆ. ಮೇಲೆತ್ತುವುದು ಹಣೆಯ ಸ್ನಾಯು ಒಂದೇ. ಹಣೆಯ ಅಡ್ಡಗೆರೆ ಬೇಡವೆಂದು ಆ ಒಂದನ್ನೇ ಪೂರ್ತಿ ಮಲಗಿಸಿದರೆ ಹುಬ್ಬು ಕುಸಿಯುತ್ತದೆ, ಕಣ್ಣು ಭಾರವಾಗುತ್ತದೆ. ಅಡ್ಡಗೆರೆಗೆ ಚಿಕಿತ್ಸೆ ಮಾಡುವಾಗ ಹುಬ್ಬುಗಂಟಿನ ಸ್ನಾಯುವಿಗೂ ಔಷಧ ಕೊಡಬೇಕೆಂದು ಬೊಟಾಕ್ಸ್‌ನ ಅಧಿಕೃತ ಸೂಚನೆಯೇ ಹೇಳುತ್ತದೆ: ಗಂಟಿಗೆ ಐದು ಕಡೆ 4 ಯೂನಿಟ್‌ನಂತೆ 20, ಹಣೆಗೆ 20. ಬೇರೆ ಕಂಪನಿಯ ಟಾಕ್ಸಿನ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಒಂದರ ಯೂನಿಟ್ ಇನ್ನೊಂದರ ಯೂನಿಟ್‌ಗೆ ಸಮನಲ್ಲ.

ವಯಸ್ಸಾದವರಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೆಪ್ಪೆ ಜೋತವರು ಕಣ್ಣು ತೆರೆದಿಡಲು ತಮಗೇ ಗೊತ್ತಿಲ್ಲದೆ ದಿನವಿಡೀ ಹಣೆ ಎತ್ತಿ ಹಿಡಿದಿರುತ್ತಾರೆ. ಅಡ್ಡಗೆರೆ ಬಂದದ್ದೇ ಅದರಿಂದ. ವೈದ್ಯರು ಅವರಿಗೆ ಕಣ್ಣು ಮುಚ್ಚಿಸಿ, ಹಣೆ ಸಡಿಲವಾದ ಮೇಲೆ ಅದನ್ನು ಬೆರಳಿನಿಂದ ಒತ್ತಿ ಹಿಡಿದು, "ಈಗ ಕಣ್ಣು ಬಿಡಿ" ಎನ್ನುತ್ತಾರೆ. ರೆಪ್ಪೆ ಅರ್ಧಕ್ಕೇ ನಿಂತರೆ ಹಣೆಗೆ ಟಾಕ್ಸಿನ್ ಬೇಡ. ಅವರಿಗೆ ಬೇಕಾದದ್ದು ರೆಪ್ಪೆಯ ಚಿಕಿತ್ಸೆ.

ಅಳತೆಗೋಲು ಎಲ್ಲಿಯವರೆಗೆ

ಇಷ್ಟು ಹೊತ್ತಿಗೆ ಅಳತೆಯ ಮಾತು ಬರಬೇಕು. ಮುಖವನ್ನು ಅಡ್ಡಡ್ಡ ಮೂರು ಸಮಭಾಗ ಮಾಡುವುದು ಎಲ್ಲ ತರಬೇತಿಯಲ್ಲೂ ಮೊದಲ ಪಾಠ: ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗದ್ದದ ತುದಿ. ಪಾಶ್ಚಾತ್ಯರು ಇದರ ಮೂಲವನ್ನು ರೋಮನ್ ವಾಸ್ತುಕಾರ ವಿಟ್ರೂವಿಯಸ್‌ನಲ್ಲಿ ಹುಡುಕುತ್ತಾರೆ. ನಮ್ಮ ಶಿಲ್ಪಶಾಸ್ತ್ರದಲ್ಲೂ ಇದೇ ಇದೆ. ವಿಗ್ರಹದ ಅಳತೆಯ ಕ್ರಮವಾದ ತಾಳಮಾನದಲ್ಲಿ ಮುಖ ಒಂದು ತಾಳ, ಹನ್ನೆರಡು ಅಂಗುಲ. ಹಣೆ, ಮೂಗು, ಗದ್ದ ತಲಾ ನಾಲ್ಕು ಅಂಗುಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಈ ಲೆಕ್ಕ ಕೊಡುತ್ತದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಶಿಲ್ಪಿಗಳ ಊರಿನಲ್ಲಿ ವಿಗ್ರಹ ಕೆತ್ತಲು ತಾಳಮಾನ ಇಂದಿಗೂ ಆಧಾರ.

ಉದ್ದುದ್ದ ಐದು ಭಾಗ ಮಾಡುವುದು ಇನ್ನೊಂದು ಲೆಕ್ಕ: ಮುಖದ ಅಗಲ ಐದು ಕಣ್ಣಿನಷ್ಟು. ಪಕ್ಕದ ನೋಟಕ್ಕೆ ಅಮೆರಿಕದ ದಂತವೈದ್ಯ ರಾಬರ್ಟ್ ರಿಕೆಟ್ಸ್ ಎಳೆದ ಗೆರೆಯಿದೆ. ಮೂಗಿನ ತುದಿಯಿಂದ ಗದ್ದದ ತುದಿಗೆ ಸ್ಕೇಲ್ ಇಟ್ಟರೆ ಮೇಲ್ತುಟಿ ಅದಕ್ಕಿಂತ 4 ಮಿಲಿಮೀಟರ್, ಕೆಳತುಟಿ 2 ಮಿಲಿಮೀಟರ್ ಹಿಂದಿರಬೇಕು ಎಂಬುದು ಅವನ ಲೆಕ್ಕ.

ವಿಗ್ರಹಕ್ಕೆ ಒದಗುವ ಅಳತೆ ಜೀವಂತ ಮುಖಕ್ಕೆ ಪೂರ್ತಿ ಒದಗುವುದಿಲ್ಲ. ಟೊರಾಂಟೊದ ಲೆಸ್ಲಿ ಫಾರ್ಕಸ್ ಮತ್ತು ಸಂಗಡಿಗರು ನಿಜವಾದ ಮುಖಗಳನ್ನು ಅಳೆದು 1985ರಲ್ಲಿ ಪ್ರಕಟಿಸಿದಾಗ, ಈ ಶಾಸ್ತ್ರೀಯ ಸೂತ್ರಗಳಿಗೆ ಹೊಂದುವ ಮುಖಗಳು ವಿರಳವೆಂದು ಕಂಡುಬಂತು. ಸುವರ್ಣ ಅನುಪಾತದಿಂದ ಸ್ಟೀಫನ್ ಮಾರ್ಕ್ವಾರ್ಟ್ ರಚಿಸಿದ ಮುಖವಾಡದ ಚಿತ್ರ ಕ್ಲಿನಿಕ್ಕುಗಳ ಗೋಡೆಯಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ಓಡಾಡುತ್ತದೆ. ಅದು ಹೆಚ್ಚು ಹೋಲುವುದು ಫ್ಯಾಷನ್ ರೂಪದರ್ಶಿಯರಾದ ಬಿಳಿಯ ಮಹಿಳೆಯರ ಮುಖವನ್ನು, ಎಲ್ಲರದಲ್ಲ ಎಂದು ಸಂಶೋಧಕರು ಟೀಕಿಸಿದ್ದಾರೆ. ರಿಕೆಟ್ಸ್‌ನ ಗೆರೆಯನ್ನು ದಕ್ಷಿಣ ಭಾರತದ ಮುಖಕ್ಕೆ ಹಿಡಿದರೆ ಎಷ್ಟೋ ಜನರ ತುಟಿ ಗೆರೆಯನ್ನು ಮುಟ್ಟುತ್ತದೆ, ದಾಟುತ್ತದೆ. ಅದು ದೋಷವಲ್ಲ, ನಮ್ಮ ದವಡೆ ಹಲ್ಲುಗಳ ವಿನ್ಯಾಸ.

ಹಾಗಾದರೆ ಅಳತೆ ಯಾಕೆ? ಯಾವ ಭಾಗ ಉಳಿದವುಗಳ ಜೊತೆ ಹೊಂದುತ್ತಿಲ್ಲ ಎಂದು ಪತ್ತೆಹಚ್ಚಲು. ತುಟಿ ಮುಂದೆ ಬಂದಂತೆ ಕಂಡರೆ, ನಿಜವಾಗಿ ಗದ್ದ ಹಿಂದೆ ಇರಬಹುದು. ಗದ್ದದ ಮೂಳೆಯ ಮೇಲೆ ಅರ್ಧ ಮಿಲಿ ಕೊಟ್ಟರೆ ತುಟಿಯನ್ನು ಮುಟ್ಟದೆಯೇ ಪಕ್ಕದ ನೋಟ ಸರಿಹೋಗಬಹುದು, ಮೂಗೂ ಚಿಕ್ಕದಾದಂತೆ ಕಾಣಬಹುದು. ಗಂಡಸರಿಗೆ ಲೆಕ್ಕವೇ ಬೇರೆ. ಹುಬ್ಬು ಬಾಗದೆ ನೇರವಾಗಿದ್ದರೆ ಚೆಂದ, ದವಡೆಯ ಕೋನ ಅಗಲವಿದ್ದರೆ ಚೆಂದ. ಹೆಂಗಸರಿಗೆ ಹಾಕುವಂತೆ ಕೆನ್ನೆಯ ಮುಂಭಾಗ ತುಂಬಿದರೆ ಗಂಡುಮುಖದ ಚಹರೆಯೇ ಕೆಡುತ್ತದೆ.

ಕಣ್ಣಿನ ಕೆಳಗಿನ ಕಪ್ಪು

ನಮ್ಮಲ್ಲಿ ತೀರ ಸಾಮಾನ್ಯವಾದ ದೂರು ಇದು. ಫಿಲ್ಲರ್ ಸುಲಭವಾಗಿ ತಪ್ಪುವ ಜಾಗವೂ ಇದೇ. ಕಪ್ಪು ಯಾವ ಬಗೆಯದು ಎಂದು ಮನೆಯಲ್ಲೇ ಒಂದಿಷ್ಟು ತಿಳಿಯಬಹುದು. ಕಿಟಕಿಗೆ ಮುಖಮಾಡಿ, ಗದ್ದ ಮೇಲೆತ್ತಿ ಕನ್ನಡಿ ನೋಡಿ. ಕಪ್ಪು ಬಹಳಮಟ್ಟಿಗೆ ಹೋಯಿತೆಂದರೆ ಅದು ಗುಂಡಿಯ ನೆರಳು. ಬೆರಳಿನಿಂದ ಚರ್ಮವನ್ನು ಕೆಳಗೆ ಎಳೆದಾಗ ಕಪ್ಪೂ ಅದರೊಂದಿಗೆ ಸರಿದರೆ ಅದು ಚರ್ಮದ ಬಣ್ಣ. ಅಪ್ಪ ಅಮ್ಮನಿಂದ ಬಂದದ್ದೋ, ಅಲರ್ಜಿಯಿಂದ ಕಣ್ಣು ಉಜ್ಜಿ ಉಜ್ಜಿ ಬಂದದ್ದೋ ಇರಬಹುದು. ಎಳೆದಾಗ ನೀಲಿ ಛಾಯೆ ಹೆಚ್ಚಿದರೆ ತೆಳು ಚರ್ಮದ ಕೆಳಗಿನ ರಕ್ತನಾಳ ಕಾಣುತ್ತಿದೆ.

ಫಿಲ್ಲರ್ ಒದಗುವುದು ಮೊದಲನೆಯದಕ್ಕೆ ಮಾತ್ರ, ಅದೂ ಎಲ್ಲರಿಗೂ ಅಲ್ಲ. ಬೆಳಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊದಿಕೊಳ್ಳುವವರಿಗೆ ಬೇಡ. ಈ ಜೆಲ್ ನೀರು ಹಿಡಿಯುವಂಥದ್ದು, ಊತ ಇನ್ನೂ ಹೆಚ್ಚುತ್ತದೆ. ಮೇಲ್ಪದರದಲ್ಲೇ ಜೆಲ್ ನಿಂತರೆ ಬೆಳಕು ಚದುರಿ ಚರ್ಮ ನೀಲಿ ಛಾಯೆಗೆ ತಿರುಗುತ್ತದೆ. ಎಷ್ಟೋ ಸಲ ಕೆನ್ನೆಯ ಮೇಲುಭಾಗ ತುಂಬಿದ ಮೇಲೆ ಗುಂಡಿಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ರಕ್ತನಾಳದ ನಕ್ಷೆ

ಪರಿಶೀಲನೆಯ ಇನ್ನೊಂದು ಅರ್ಧ ಕಾಣದ್ದನ್ನು ಊಹಿಸುವುದು. ಮುಖದ ಅಪಧಮನಿ ದವಡೆಯ ಅಂಚು ದಾಟಿ, ಬಾಯಿಯ ಪಕ್ಕ, ಮೂಗಿನ ಪಕ್ಕದ ಮಡಿಕೆಯ ಆಸುಪಾಸಿನಲ್ಲೇ ಮೇಲೇರುತ್ತದೆ. ಹುಬ್ಬಿನ ನಡುವೆ, ಮೂಗಿನ ಮೇಲೆ ಹರಿಯುವ ಸಣ್ಣ ನಾಳಗಳು ಕಣ್ಣಿಗೆ ರಕ್ತ ಒಯ್ಯುವ ನಾಳದೊಂದಿಗೆ ಕೂಡಿಕೊಂಡಿವೆ. ಫಿಲ್ಲರ್ ತಪ್ಪಿ ನಾಳದೊಳಗೆ ಹೋದರೆ ಚರ್ಮ ಕೊಳೆಯಬಹುದು, ಹಿಮ್ಮುಖವಾಗಿ ಕಣ್ಣಿಗೆ ತಲುಪಿದರೆ ದೃಷ್ಟಿಯೇ ಹೋಗಬಹುದು. ವಿರಳ, ಆದರೆ ನಿಜ. ಮೂಗು, ಹುಬ್ಬುಗಳ ನಡು, ಹಣೆ, ಮೂಗಿನ ಪಕ್ಕದ ಮಡಿಕೆ ಇವು ಅಪಾಯ ಹೆಚ್ಚಿರುವ ಜಾಗಗಳು.

ಅದಕ್ಕೇ ಹಿಂದೆ ಎಲ್ಲಿ ಏನು ಹಾಕಿಸಿಕೊಂಡಿದ್ದೀರಿ, ಮೂಗಿನ ಆಪರೇಷನ್ ಆಗಿದೆಯೇ, ರಕ್ತ ತೆಳು ಮಾಡುವ ಮಾತ್ರೆ ಇದೆಯೇ, ಗರ್ಭಿಣಿಯೇ, ಎದೆಹಾಲು ಕುಡಿಸುತ್ತಿದ್ದೀರಾ, ಸ್ನಾಯು ದೌರ್ಬಲ್ಯದ ರೋಗವಿದೆಯೇ ಎಂಬ ಪ್ರಶ್ನೆಗಳು. ಮುಚ್ಚಿಡಬೇಡಿ. ಚುಚ್ಚುವಾಗ ಅಥವಾ ನಂತರ ಚರ್ಮ ಬಿಳಚಿಕೊಂಡರೆ, ಬಲೆಯಂಥ ನೇರಳೆ ಗುರುತು ಮೂಡಿದರೆ, ನೋವು ವಿಪರೀತವಾದರೆ, ಕಣ್ಣು ಮಂಜಾದರೆ ನಾಳೆಗೆ ಕಾಯುವಂತಿಲ್ಲ. ಹಯಲುರಾನಿಕ್ ಆಮ್ಲವನ್ನು ಕರಗಿಸುವ ಹಯಲುರಾನಿಡೇಸ್ ಎಂಬ ಕಿಣ್ವವಿದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ. ಕ್ಯಾಲ್ಸಿಯಂ ಆಧಾರಿತ ಫಿಲ್ಲರ್‌ಗಳು ಇದಕ್ಕೆ ಕರಗುವುದಿಲ್ಲ ಎಂಬುದು ಆಯ್ಕೆ ಮಾಡುವಾಗಲೇ ಗೊತ್ತಿರಬೇಕು.

ಬೇಡ ಎನ್ನುವ ವೈದ್ಯರು

ಕೆಲವರು ಫಿಲ್ಟರ್ ಹಾಕಿದ ತಮ್ಮದೇ ಫೋಟೊ ತಂದು ಹಾಗೆ ಮಾಡಿಕೊಡಿ ಎನ್ನುತ್ತಾರೆ. ಇನ್ನು ಕೆಲವರು ಬೇರೆ ಯಾರಿಗೂ ಕಾಣದ ಕುಂದನ್ನು ದಿನಕ್ಕೆ ನೂರು ಬಾರಿ ನೋಡಿಕೊಂಡು, ಅದರ ದೆಸೆಯಿಂದ ಮದುವೆ ಮನೆಗೂ ಹೋಗದೆ ಕೂತಿರುತ್ತಾರೆ. ಎರಡನೆಯದು ದೇಹರೂಪದ ಬಗ್ಗೆ ಮನಸ್ಸಿನಲ್ಲಿ ಬೇರೂರುವ ಕಾಯಿಲೆ. ಸೂಜಿಯಿಂದ ಅದು ಗುಣವಾಗುವುದಿಲ್ಲ, ಕೊರಗು ಇನ್ನೊಂದು ಜಾಗಕ್ಕೆ ಹೋಗುತ್ತದೆ ಅಷ್ಟೇ. ಅವರನ್ನು ಮನೋವೈದ್ಯರ ಬಳಿ ಕಳಿಸುವುದೂ ಪರಿಶೀಲನೆಯ ಭಾಗವೇ.

ವ್ಯಾಪಾರದ ಒತ್ತಡವನ್ನೂ ಮರೆಯಬಾರದು. ಟಾಕ್ಸಿನ್‌ಗೆ ಬಿಲ್ ಯೂನಿಟ್ ಲೆಕ್ಕದಲ್ಲಿ, ಫಿಲ್ಲರ್‌ಗೆ ಸಿರಿಂಜ್ ಲೆಕ್ಕದಲ್ಲಿ. ಹೆಚ್ಚು ಹಾಕಿದರೆ ಹೆಚ್ಚು ಹಣ. ಕಡಿಮೆ ಹಾಕಿ ಎರಡು ವಾರ ಬಿಟ್ಟು ಬನ್ನಿ ಎನ್ನುವವರು ತಮ್ಮ ಲಾಭ ಬಿಟ್ಟು ನಿಮ್ಮ ಮುಖ ನೋಡುತ್ತಿದ್ದಾರೆ ಎಂದು ತಿಳಿಯಬಹುದು.

ಹೋಗುವವರಿಗೆ ಕೆಲವು ಮಾತು

ವೈದ್ಯರ ಓದು ಮತ್ತು ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಚರ್ಮರೋಗದಲ್ಲೋ ಪ್ಲಾಸ್ಟಿಕ್ ಸರ್ಜರಿಯಲ್ಲೋ ಸ್ನಾತಕೋತ್ತರ ಓದು ಇದೆಯೇ ನೋಡಿ. ಕರ್ನಾಟಕದಲ್ಲಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಬ್ಯೂಟಿ ಪಾರ್ಲರಿನಲ್ಲಿ, ಯಾರದೋ ಮನೆಯಲ್ಲಿ ಚುಚ್ಚಿಸಿಕೊಳ್ಳಬೇಡಿ.

ಔಷಧದ ಪೆಟ್ಟಿಗೆಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ನೋಡಿ, ಸ್ಟಿಕ್ಕರ್ ಇದ್ದರೆ ನಿಮ್ಮ ಫೈಲಿಗೆ ಹಚ್ಚಿಸಿ. ಎಲ್ಲಿ ಎಷ್ಟು ಹಾಕಿದ್ದಾರೆ ಎಂಬ ಬರಹ ನಿಮ್ಮ ಬಳಿ ಇರಲಿ. ಮುಂದೆ ಬೇರೆ ವೈದ್ಯರ ಬಳಿ ಹೋದಾಗ ಅದೇ ದಾರಿದೀಪ. ಕರಗಿಸುವ ಕಿಣ್ವ ಕ್ಲಿನಿಕ್ಕಿನಲ್ಲೇ ಇದೆಯೇ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಲು ಸಂಕೋಚ ಬೇಡ.

ಮದುವೆ, ನಿಶ್ಚಿತಾರ್ಥ ಇದ್ದರೆ ಕನಿಷ್ಠ ಒಂದು ತಿಂಗಳು ಮುಂಚೆ ಮಾಡಿಸಿ. ಬಾವು, ಕಂದು ಗುರುತು ಇಳಿಯಲು, ಟಾಕ್ಸಿನ್ ಪೂರ್ತಿ ಹಿಡಿಯಲು, ಹೆಚ್ಚುಕಡಿಮೆ ಸರಿಪಡಿಸಲು ಅಷ್ಟು ಕಾಲ ಬೇಕು. ಹಲ್ಲಿನ ಚಿಕಿತ್ಸೆ ಇದ್ದರೆ ಫಿಲ್ಲರ್‌ಗೂ ಅದಕ್ಕೂ ಎರಡು ವಾರದ ಅಂತರವಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ದಿನವೇ ಚುಚ್ಚಿಸಿಕೊಳ್ಳಬೇಡಿ. ಫೀಸು ಕೊಟ್ಟು ಪರಿಶೀಲನೆ ಮಾಡಿಸಿ, ಒಂದೇ ಪ್ರಶ್ನೆ ಕೇಳಿ: "ನಾನು ತೋರಿಸಿದ ಗೆರೆಗೆ ಕಾರಣ ಏನು, ಎಲ್ಲಿದೆ?" ನಿಮ್ಮ ಕೆನ್ನೆಯ ಮೇಲೆ ಬೆರಳಿಟ್ಟು, ಕನ್ನಡಿಯಲ್ಲಿ ತೋರಿಸಿ ಉತ್ತರ ಹೇಳಿದರೆ, ಮನೆಗೆ ಬಂದು ಯೋಚಿಸಿ ಮತ್ತೆ ಹೋಗಿ. ಉತ್ತರದ ಬದಲು ಇಂದಿಗಷ್ಟೇ ಇರುವ ರಿಯಾಯಿತಿಯ ಮಾತು ಬಂದರೆ, ಆ ಕ್ಲಿನಿಕ್ ಬಿಟ್ಟು ಇನ್ನೊಂದು ಹುಡುಕಿ.